ಸಲೀಮಣ್ಣನ ಆರನೇ ಸ್ಕ್ರಿಪ್ಟು

ಕೋಡ್ ಬರೆಯುವ ಗೆಳೆಯರೇ, ಹಳೆಯದನ್ನು ಅಳಿಸುವ ಮುಂಚೆ ಇದನ್ನೊಮ್ಮೆ ಓದಿ. ಮಲ್ಲಂದೂರಿನ ನಮ್ಮ ಎಸ್ಟೇಟ್ ಆಫೀಸಿನ ಕಂಪ್ಯೂಟರುಗಳಿಗೆ ವೆಬ್ ಪುಟಗಳು ಬರುವುದು, ನಡುವೆ ಕೂತು ಅವನ್ನು ತಿದ್ದಿ ಕಳಿಸುವ ಒಂದು ಪ್ರಾಕ್ಸಿಯ ಮೂಲಕ. ನನಗಿಂತ ಮುಂಚೆ ಇಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದು, ಹೋದ ವರ್ಷ ತೀರಿಕೊಂಡ ಸಲೀಮಣ್ಣ ಅದಕ್ಕೆ ಆರು ಪುಟ್ಟ ಸ್ಕ್ರಿಪ್ಟು ಬರೆದಿಟ್ಟಿದ್ದರು. ನಿನ್ನೆ ಸಂಜೆ ಅವುಗಳಲ್ಲಿ ಐದನ್ನು ಒಂದೇ ಪ್ರೋಗ್ರಾಮಿನ ಮಾಡ್ಯೂಲುಗಳಾಗಿ, ಅಂದರೆ ಬಿಡಿ ಭಾಗಗಳಾಗಿ, ಜೋಡಿಸಿದೆ. ಆರನೆಯದು ಒಂದೇ ಒಂದು ಕಂಪ್ಯೂಟರಿನಲ್ಲಿ ಅಕ್ಷರ ದೊಡ್ಡದು ಮಾಡುತ್ತಿತ್ತು. ಯಾಕೆಂದು ತಿಳಿಯಲಿಲ್ಲ, ಕೈಬಿಟ್ಟೆ.

ಇವತ್ತು ಬೆಳಿಗ್ಗೆ ಆಳುಗಳ ಹಾಜರಿ ಬರೆಯುವ ನಮ್ಮ ರೈಟರ್ ಮಂಜಪ್ಪನವರು ಹಾಜರಿಯ ಪುಟ ತೆರೆದು ಅದೇ ಕಂಪ್ಯೂಟರಿನ ಪರದೆಗೆ ಮೂಗು ತಾಗಿಸಿ ಕೂತಿದ್ದರು.

“ಕಣ್ಣು ಹೋಯ್ತು ಮಾರಾಯ. ನಿನ್ನೆ ಕಾಣ್ತಿತ್ತು, ಇವತ್ತು ಕಾಣ್ತಿಲ್ಲ. ಕೆಲಸ ಬಿಡ್ತೀನಿ ಅಂತ ಸಾವ್ಕಾರ್ರಿಗೆ ಹೇಳಿ ಬಂದೆ.”

“ನಿಮ್ಮ ಕಣ್ಣಿಗೇನೂ ಆಗಿಲ್ಲ, ತಪ್ಪು ನಂದು. ಅಕ್ಷರ ದೊಡ್ಡದು ಮಾಡೋ ಸಲೀಮಣ್ಣನ ಸ್ಕ್ರಿಪ್ಟು ತೆಗೆದುಬಿಟ್ಟಿದ್ದೆ” ಎಂದು ಅದನ್ನು ವಾಪಸ್ ಹಾಕಿದೆ. ಅಕ್ಷರ ದೊಡ್ಡದಾಯಿತು. ಅವರು ಪರದೆಯಿಂದ ಮುಖ ಹಿಂದಕ್ಕೆ ತೆಗೆದರು.

“ಸಲೀಮ ಇದನ್ನ ಯಾವಾಗ ಹಾಕಿದ್ದ?”

ಫೈಲಿನ ತಾರೀಖು ನೋಡಿದೆ. “ಐದು ವರ್ಷ ಆಯ್ತು.”

“ಹಂಗಾದ್ರೆ ನನ್ನ ಕಣ್ಣು ಹೋಗಿ ಐದು ವರ್ಷ ಆಯ್ತು” ಎಂದರು. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದು ಹೋದರು.

ಈಗ ಆರೂ ಮಾಡ್ಯೂಲುಗಳು ಸರಿಯಾಗಿ ಕೆಲಸ ಮಾಡುತ್ತಿವೆ. ಆ ಕಂಪ್ಯೂಟರಿನ ಮುಂದೆ ಮಾತ್ರ ಯಾರೂ ಇಲ್ಲ.