ಬ್ರೇಕ್ ಕಟ್ಟಿದವನೇ ಮೊದಲು ಇಳಿಸಬೇಕು

ಬೆಂಗಳೂರಿನಿಂದ ಮೈಸೂರಿಗೆ ಎಂಬತ್ತಾರು ಮೈಲಿ. ಮೂರನೇ ದರ್ಜೆಯಲ್ಲಿ ಕಿಟಕಿ ಸಿಕ್ಕಿತು, ಜೊತೆಗೆ ಇಂಜಿನ್ನಿನ ಕಿಡಿಗಳೂ. ಮದ್ದೂರಿನಲ್ಲಿ ಎರಡು ವಡೆ ತಿಂದೆ. ದೊಡ್ಡಮ್ಮನ ಕಾಗದ ಜೇಬಿನಲ್ಲಿತ್ತು: 'ನಿನ್ನ ಚಿಕ್ಕಪ್ಪ ಹೊಸ ಕಾರನ್ನು ಬೆಟ್ಟದಿಂದ ಇಳಿಸುತ್ತಾನಂತೆ. ಬಂದು ತಡಿ.'

ದೊಡ್ಡಪ್ಪ, ಚಿಕ್ಕಪ್ಪ ಇಬ್ಬರೂ ಲಕ್ಷ್ಮೀಪುರಂನ ಮನೆಯ ಹಿಂದಿನ ಶೆಡ್ಡಿನಲ್ಲಿ, ಯುದ್ಧ ಮುಗಿದ ಮೇಲೆ ಹರಾಜಾದ ಜೀಪುಗಳ ಭಾಗ ಜೋಡಿಸಿ, ತಗಡು ಬಡಿದು, ತಮ್ಮದೇ ಕಾರು ಮಾಡಲು ಹೊರಟವರು. ಅವರಲ್ಲೊಂದು ಕಟ್ಟಳೆಯಿತ್ತು. ಬ್ರೇಕ್ ಕಟ್ಟಿದವನೇ ಮೊದಲ ಸಲ ಚಾಮುಂಡಿ ಬೆಟ್ಟದಿಂದ ಕಾರು ಇಳಿಸಬೇಕು. ಕೆಲಸಕ್ಕೆ ಜೀವವೇ ಜಾಮೀನು. ನಾಲ್ಕು ವರ್ಷದ ಹಿಂದೆ ಹಾಗೆ ಇಳಿಸುತ್ತಿದ್ದಾಗ ದೊಡ್ಡಪ್ಪ ಎರಡನೇ ತಿರುವಿನಲ್ಲಿ ಸತ್ತರು. ಬ್ರೇಕಿನ ಸಲಾಕೆ ಕಳಚದಂತೆ ಹಿಡಿಯುವ ಪಿನ್ನೇ ಇರಲಿಲ್ಲ. ಅವರೇ ಮರೆತರು ಎಂದು ನಾನೂ ಕಂಡಕಂಡವರಿಗೆ ಹೇಳಿದ್ದೆ. ಅದರ ಹಿಂದಿನ ದಿನ ಬ್ರೇಕ್ ಕಟ್ಟುವಾಗ ಕಾರಿನಡಿಯಿಂದ ಹೊರಚಾಚಿದ್ದ ಅವರ ಖಾಕಿ ಷರಾಯಿ ನನ್ನ ಕಣ್ಣಿಗೆ ಕಟ್ಟಿದಂತಿತ್ತು.

ರಾತ್ರಿ ಊಟಕ್ಕೆ ಬಡಿಸುತ್ತ ದೊಡ್ಡಮ್ಮ ಹೇಳಿದಳು: "ಕಡ್ಡಿಯಷ್ಟು ಪಿನ್ನು ಕಣೋ. ಅದನ್ನ ಹಾಕಕ್ಕೆ ಮರೆತು ನನ್ನ ಕುಂಕುಮ ಅಳಿಸಿ ಹೋದ್ರು." ದೊಡ್ಡಪ್ಪನ ಪಟಕ್ಕೆ ಅವಳು ಒಂದು ದಿನವೂ ಹೂ ಇಟ್ಟಿರಲಿಲ್ಲ. ಚಿಕ್ಕಪ್ಪ ತಲೆಯೆತ್ತದೆ ಉಣ್ಣುತ್ತಿದ್ದರು. ನಾನು ತಡೆದೆ. 'ಇದರ ಬ್ರೇಕ್ ಕಟ್ಟಿದ್ದು ನಾನು, ನಾನೇ ಇಳಿಸ್ಬೇಕು' ಎಂದು ಅವರು ಕೇಳಲಿಲ್ಲ.

ಬೆಳಿಗ್ಗೆ ಬೆಟ್ಟದ ಮೇಲೆ ಮಂಜು, ಚಳಿ. ನಾನು ಕಾರಿನಲ್ಲಿ ಚಿಕ್ಕಪ್ಪನ ಪಕ್ಕದಲ್ಲಿ ಕೂತೆ.

"ಇಳಿಯೋ, ನಿಮ್ಮಪ್ಪಂಗೆ ನಾನೇನು ಜವಾಬು ಹೇಳ್ಲಿ?"

"ಬ್ರೇಕ್ ಹಿಡೀದಿದ್ರೆ ನಾನು ಕಾಲು ಊರ್ತೀನಿ, ನಡೀರಿ."

ಅವರು ನಗಲಿಲ್ಲ. ಎರಡನೇ ತಿರುವಿನಲ್ಲಿ ಬ್ರೇಕ್ ಒತ್ತಿದರು. ಕಾರು ಕಿರುಗುಟ್ಟಿ ನಿಂತಿತು. ಕೂಡಲೇ ಮತ್ತೆ ಹೊರಡಿಸಲಿಲ್ಲ.

"ಆವತ್ತು ಬ್ರೇಕ್ ಕಟ್ಟಿದ್ದು ನಾನು ಕಣೋ. ಬೆಳಿಗ್ಗೆ ಜ್ವರ ಬಂದ್ಬುಡ್ತು. 'ಮಲಕ್ಕೋ, ನಿನ್ನ ಬದ್ಲು ನಾನೇ ಇಳಿಸ್ತೀನಿ' ಅಂದ ಅಣ್ಣ. ಅವನು ಇಳಿಸಿದ್ನಲ್ಲ, ಅದಕ್ಕೇ ಅವನೇ ಕಟ್ಟಿದ್ದು ಅಂದ್ಕೊಂಡ್ರು ಎಲ್ರೂ. ನಾನು ಸುಮ್ಮನಿದ್ಬುಟ್ಟೆ."

ನಾನು ಅವರ ಕಾಲು ನೋಡಿದೆ. ಖಾಕಿ ಷರಾಯಿ. ಅಣ್ಣ ತಮ್ಮ ಇಬ್ಬರೂ ಶೆಡ್ಡಿನಲ್ಲಿ ಹಾಕುತ್ತಿದ್ದುದು ಅದನ್ನೇ. ಮುಖ ಕಾಣದೆ ಎರಡು ಕಾಲು ಕಂಡವನು ನಾಲ್ಕು ವರ್ಷ ಸಾಕ್ಷಿ ಹೇಳಿದ್ದೆ.

ಮನೆ ಮುಂದೆ ದೊಡ್ಡಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಇನ್ನೂ ಕರ್ಪೂರ ಹಚ್ಚಿರಲಿಲ್ಲ. "ಸದ್ಯ, ಬಂದ್ರಲ್ಲಪ್ಪ," ಎಂದಳು. ಚಿಕ್ಕಪ್ಪ ಸೀಟಿನಿಂದ ಏಳದೆ, ನನಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದರು.

ಅವಳು ಕೇಳಿದಳು: "ಎಲ್ಲಾ ಸರಿಯಾಗಿ ಕಟ್ಟಿದ್ಯಾ ಅಂತ ಅವರು ಕೇಳ್ಲಿಲ್ವಾ?"

"ಕೇಳ್ದ ಅತ್ತಿಗೆ. ಕಟ್ಟಿದೀನಿ ಅಂದೆ."

ತಟ್ಟೆಯನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟು, ಅದರಲ್ಲಿದ್ದ ಹೂವನ್ನಷ್ಟೇ ಎತ್ತಿಕೊಂಡು, ಅವಳು ಪಟವಿದ್ದ ಕೋಣೆಗೆ ಹೋದಳು.

ಮಧ್ಯಾಹ್ನದ ರೈಲಿಗೆ ನಾನು ಜಟಕಾ ಹತ್ತಿದೆ. ಬೀದಿ ತಿರುಗುವಾಗ ಹಿಂದೆ ನೋಡಿದೆ. ಚಿಕ್ಕಪ್ಪ ಇನ್ನೂ ಸ್ಟಿಯರಿಂಗ್ ಹಿಡಿದು ಕಾರಿನಲ್ಲೇ ಕೂತಿದ್ದರು. ಒಳಗೆ ಬಾ ಎಂದು ಅವರನ್ನು ಯಾರೂ ಕರೆದಿರಲಿಲ್ಲ.