ತಾರೀಕು ಕತ್ತರಿಸಿಹೋದ ಓಟ

ಮಾಗಿಯ ಕಾಲ, ಬೆಳಗಿನ ಐದೂವರೆ. ಮಾಕಳಿಯ ಹೈಸ್ಕೂಲು ಮೈದಾನದಲ್ಲಿ ಮಂಜು ಇನ್ನೂ ಕರಗಿಲ್ಲ. ತುಮಕೂರು ರಸ್ತೆಯ ಲಾರಿಗಳ ಸದ್ದು ಕೇಳುತ್ತದೆ, ಲಾರಿ ಕಾಣುವುದಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡ ಚಿಕ್ಕಬೈರಪ್ಪ ನೆಲಕ್ಕೆ ಬಡಿದ ಕಬ್ಬಿಣದ ಗೂಟಕ್ಕೆ ತಂತಿಯ ಕುಣಿಕೆ ಹಾಕಿ, ಅದರ ಇನ್ನೊಂದು ತುದಿಯನ್ನು ಬಿಗಿಯಾಗಿ ಎಳೆದು ಹಿಡಿದು, ಅಡ್ಡಡ್ಡ ಹೆಜ್ಜೆ ಇಡುತ್ತಾ ಹೋಗುತ್ತಾರೆ. ಬಲಗೈಯಲ್ಲಿ ತಳಕ್ಕೆ ತೂತು ಕೊರೆದ ಹಾಲಿನ ಪುಡಿಯ ಡಬ್ಬ. ಅದು ಅಲ್ಲಾಡಿದಷ್ಟೂ ಸುಣ್ಣದ ಪುಡಿ ಉದುರುತ್ತದೆ. ಅವರು ನಡೆದುಹೋದ ಕಡೆ ಓಟದ ಹಾದಿಯ ತಿರುವು ಬೆಳ್ಳಗೆ ಮೂಡುತ್ತದೆ.

ಹಗ್ಗ ಬಿಟ್ಟು ತಂತಿ ಯಾಕೆ ಎಂದರೆ ನಗುತ್ತಾರೆ. "ಅಗ್ಗ ಆಗಾಕಿಲ್ಲ ಕಣಪ್ಪ. ಇಬ್ಬನಿ ಕುಡಿದ್ರೆ ಮುದುರ್ಕತದೆ. ಅರ್ಧ ಅಡಿ ಮುದುರ್ಕಂಡ್ರೆ ಅದಿನೈದು ಸುತ್ತಿಗೆ ಅದಿನಾಲ್ಕು ಮೀಟ್ರು ಕಮ್ಮಿ ಬೀಳ್ತದೆ. ಮಗ ಇಲ್ಲಿ ಗೆದ್ದೆ ಅಂದ್ಕಂಡು ಓಗಿ ಅಲ್ಲಿ ಸೋಲ್ತದೆ. ಆ ಪಾಪ ಯಾರ್ದು?"

ಇನ್ನೊಂದು ಲೆಕ್ಕವೂ ಅವರಲ್ಲಿದೆ. ಗೆರೆಯ ಮೇಲೆ ಯಾರೂ ಓಡುವುದಿಲ್ಲ, ಗೆರೆಯಿಂದ ಒಂದು ಗೇಣು ಆಚೆ ಓಡುತ್ತಾರೆ. ಹಾಗಾಗಿ ಒಂದು ಸುತ್ತಿನ ಇನ್ನೂರು ಮೀಟರನ್ನು ಗೆರೆಯಲ್ಲಿ ಅಳೆಯಬಾರದು, ಆ ಗೇಣಿನಾಚೆ ಅಳೆಯಬೇಕು. ಮೂರನೇ ಕ್ಲಾಸು ದಾಟದ ಈ ಅರವತ್ತೇಳರ ಮನುಷ್ಯನಿಗೆ ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಪೀಣ್ಯದ ಮಷೀನ್ ಶಾಪೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಹೆಲ್ಪರ್ ಆಗಿದ್ದವರು. ಕೂದಲೆಳೆಯಷ್ಟು ತಪ್ಪಿದರೂ ಮಾಲು ವಾಪಸ್ ಬರುತ್ತಿದ್ದ ಜಾಗ ಅದು. ತೊಂಬತ್ತೆಂಟರಲ್ಲಿ ಶಾಪು ಬಾಗಿಲು ಹಾಕಿತು. ಅಳೆಯುವ ಚಟ ಮಾತ್ರ ಬಿಡಲಿಲ್ಲ. ಸೊಟ್ಟ ಗೆರೆಯ ಪಕ್ಕ ಓಡುತ್ತಿದ್ದ ಮಕ್ಕಳನ್ನು ಕಂಡು ತಡೆಯಲಾರದೆ ಡಬ್ಬ ಹಿಡಿದರು.

ಅದಾಗಿ ಹದಿನಾಲ್ಕು ವರ್ಷ. ಶಾಲೆಯಲ್ಲಿ ಆಟದ ಮೇಷ್ಟ್ರ ಹುದ್ದೆ ಖಾಲಿಯಿದೆ. ಇವರನ್ನು ಯಾರೂ ಕೋಚ್ ಎಂದು ಕರೆಯುವುದಿಲ್ಲ, ಮಕ್ಕಳಿಗೆ ಅಜ್ಜ, ತಾತ. ಈಗ ದಿನಾ ಮೂವತ್ತನಾಲ್ಕು ಮಕ್ಕಳು ಬರುತ್ತಾರೆ. ಅರ್ಧಕ್ಕರ್ಧ ಕೊಪ್ಪಳ, ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಬಾಡಿಗೆ ಕೋಣೆಗಳಲ್ಲಿರುವವರ ಮಕ್ಕಳು. ಹದಿಮೂರು ಮಕ್ಕಳ ಕಾಲಿಗೆ ಶೂ ಇಲ್ಲ. ಇಲ್ಲಿಯವರೆಗೆ ಇನ್ನೂರ ಅರವತ್ತು ಮಕ್ಕಳು ಈ ಗೆರೆಯ ಪಕ್ಕ ಓಡಿದ್ದಾರೆ. ಒಬ್ಬೊಬ್ಬರ ಓಟವೂ ಅವರ ಬಾಯಲ್ಲೇ ಇದೆ. "ಮೂರನೇ ಇಸ್ವಿ, ಶಿವರಾತ್ರಿ ಇಂದಿನ್ ಶನಿವಾರ. ಅನುಮೇಶ ಎಂಟ್ನೂರು ಮೀಟ್ರು ಓಡ್ದ. ಎಲ್ಡು ನಿಮಿಷ ಆರು ಸೆಕೆಂಡು. ಮಳೆ ಬಂದಿತ್ತು, ಇಲ್ದಿದ್ರೆ ಇನ್ನೂ ಎಲ್ಡು ಸೆಕೆಂಡು ಉಳೀತಿತ್ತು."

ಶಾಲೆಯ ಸಾಮಾನು ಕೋಣೆಯ ಗೋಡೆಗೆ ಒಂದು ಪ್ಲೈವುಡ್ ಹಲಗೆ ಹೊಡೆದಿದ್ದಾರೆ. ಪತ್ರಿಕೆಯಲ್ಲಿ ತಮ್ಮ ಮಕ್ಕಳ ಹೆಸರು ಬಂದರೆ ಹೆಂಡತಿ ಅಂಜಿನಮ್ಮನ ಕತ್ತರಿಯಿಂದ ಅದನ್ನು ಕತ್ತರಿಸಿ, ಮೈದಾ ಅಂಟು ಬಳಿದು ಹಚ್ಚುತ್ತಾರೆ. ನಲವತ್ತಮೂರು ತುಣುಕುಗಳಿವೆ. ಒಂದೊಂದೂ ಅಂಚು ತೀಡಿದ ಹಾಗೆ: ಸುದ್ದಿ, ಹೆಸರು, ಫೋಟೋ, ಅಷ್ಟೇ. ಪಕ್ಕದ ಕೊಲೆ ಸುದ್ದಿಯಾಗಲಿ, ಸಾಲದ ಜಾಹೀರಾತಾಗಲಿ ಒಂದು ಅಕ್ಷರವೂ ಒಳಗೆ ನುಸುಳಿಲ್ಲ. ಇಷ್ಟು ನಾಜೂಕಿನ ಕೈಯೇ ತಮಗೆ ಏಟು ಕೊಡುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಮಹಾದೇವಿ ಕುಷ್ಟಗಿ ಕಡೆಯ ಗಾರೆ ಮೇಸ್ತ್ರಿ ಭೀಮಪ್ಪ ಅವರ ಮಗಳು. ಹದಿನಾರು ವರ್ಷ, ಎಸ್ಸೆಸ್ಸೆಲ್ಸಿ. ಹೋದ ವರ್ಷ ರಾಜ್ಯದ ಜೂನಿಯರ್ ಕೂಟದಲ್ಲಿ ಮೂರು ಸಾವಿರ ಮೀಟರ್ ಓಡಿ ಚಿನ್ನ ತಂದಳು. ಆಮೇಲೆ ದೇಶದ ಜೂನಿಯರ್ ಕೂಟಕ್ಕೆ ಹೋಗಿ ಹತ್ತು ನಿಮಿಷ ಹದಿನಾಲ್ಕು ಸೆಕೆಂಡಿನಲ್ಲಿ ಓಡಿ ಬೆಳ್ಳಿ ಗೆದ್ದಳು. ಪತ್ರಿಕೆಯೊಂದು ಅರ್ಧ ಕಾಲಂ ಬರೆದು ಫೋಟೋ ಹಾಕಿತು. ಅದೂ ಹಲಗೆ ಸೇರಿತು.

ಊರಿನಲ್ಲಿರುವ ಭೀಮಪ್ಪನವರ ಅಣ್ಣನಿಗೆ ಇದು ಯಾವುದೂ ಹಿಡಿಸಲಿಲ್ಲ. ಪರೀಕ್ಷೆ ಮುಗಿಯುತ್ತಲೇ ಹುಡುಗಿಯನ್ನು ಊರಿಗೆ ಕಳಿಸು, ಚಡ್ಡಿ ಹಾಕಿ ಓಡಿದ್ದು ಸಾಕು ಎಂದು ಹಟ ಹಿಡಿದರು. ಅಣ್ಣನ ಮಾತು ಮೀರಿದವರಲ್ಲ ಭೀಮಪ್ಪ.

ಆಗ ಚಿಕ್ಕಬೈರಪ್ಪನವರ ಹಿಂದಿನ ಕೋಣೆಯ ಬಾಡಿಗೆದಾರ ನಂದೀಶ್ ಒಂದು ಉಪಾಯ ಮಾಡಿದ. ಪೀಣ್ಯದಲ್ಲಿ ಕಂಪ್ಯೂಟರ್ ಲೇತು ನಡೆಸುವ ಹುಡುಗ. ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಬರೆದು ಸೇರಿಸಬಹುದಾದ ವಿಶ್ವಕೋಶವೊಂದಿದೆ. ಡಿಸೆಂಬರಿನಲ್ಲಿ ಅದರಲ್ಲಿ ಮಹಾದೇವಿಯ ಹೆಸರಿನಲ್ಲೊಂದು ಪುಟ ಬರೆದು, ಮೊಬೈಲಿನಲ್ಲಿ ಭೀಮಪ್ಪನವರಿಗೆ ತೋರಿಸಿದ. ಇಂಗ್ಲಿಷ್ ಬಾರದ ಭೀಮಪ್ಪ ಮಗಳ ಹೆಸರಿನ ಮೇಲೆ ಸಿಮೆಂಟು ಮೆತ್ತಿದ ಹೆಬ್ಬೆರಳಿಟ್ಟು ನೋಡಿದರು. ಅವತ್ತೇ ಅಣ್ಣನಿಗೆ ಫೋನು ಮಾಡಿದರು. "ಜಗತ್ತಿನ ಪುಸ್ತಕದಾಗ ನಮ್ಮ ಮಾದೇವಿ ಹೆಸರ ಬಂದೈತಿ. ಇನ್ನೆರಡು ವರ್ಷ ಓಡ್ಲಿ ಬಿಡಣ್ಣ."

ಅಣ್ಣ ಬಾಯಿ ಮುಚ್ಚಿದರು. ಮುಚ್ಚಿದ್ದು ಸಂಕ್ರಾಂತಿಯವರೆಗೆ ಮಾತ್ರ.

ಸಂಕ್ರಾಂತಿ ಕಳೆದ ಶುಕ್ರವಾರ ನಂದೀಶ್ ಮೈದಾನಕ್ಕೆ ಓಡಿ ಬಂದ. "ತಾತ, ಪುಟ ತೆಗೀಬೇಕು ಅಂತ ಯಾರೋ ಬೋರ್ಡ್ ಹಾಕ್ಬಿಟ್ಟಿದಾರೆ. ಏಳು ದಿನ ಟೈಮು."

ಚಿಕ್ಕಬೈರಪ್ಪ ಡಬ್ಬ ಕೆಳಗಿಟ್ಟರು. "ತೆಗೆಯೋದಾ? ಯಾಕೆ? ಅವ್ಳು ಓಡಿಲ್ವಾ?"

"ಓಡಿದಾಳೆ ತಾತ, ಅದನ್ನ ಯಾರೂ ಇಲ್ಲ ಅಂತಿಲ್ಲ. ಜೂನಿಯರ್ ಅಲ್ವಾ, ಅಷ್ಟು ಸಾಲದು ಅಂತಾರೆ. ದೊಡ್ಡೋರ ಕೂಟದಲ್ಲಿ ಗೆಲ್ಲಲಿ, ಆಗ ಬರೆಯೋಣ ಅಂತ."

ಆ ವಿಶ್ವಕೋಶದ ಚರ್ಚೆಯ ಪುಟದಲ್ಲಿ ಐದಾರು ಜನ, ಯಾವ ಯಾವ ದೇಶದವರೋ, ಈ ಹುಡುಗಿಯ ಬಗ್ಗೆ ವಾದ ಮಾಡುತ್ತಿದ್ದರು. ಮಾಕಳಿ ಎಲ್ಲಿದೆಯೆಂದೂ ತಿಳಿಯದವರು. ಚಿಕ್ಕಬೈರಪ್ಪ ಸುಣ್ಣದ ಮೂಟೆಯ ಮೇಲೆ ಕೂತು, ಒಂದೊಂದನ್ನೂ ಓದಿ ಹೇಳು ಎಂದರು. ಹದಿನಾರರ ಹುಡುಗಿಯ ಊರುಕೇರಿ ಎಲ್ಲ ಲೋಕಕ್ಕೆ ಸಾರುವುದು ಅವಳಿಗೇ ಒಳ್ಳೆಯದಲ್ಲ ಎಂದು ಒಬ್ಬ ಬರೆದಿದ್ದ. ಅದಕ್ಕೆ ಮಾತ್ರ ತಲೆದೂಗಿದರು. "ಇವನು ಎಣ್ಣುಮಕ್ಕಳ ತಂದೆ ಇರ್ಬೇಕು. ಇದು ಸರಿಯಾದ ಮಾತು. ಮಿಕ್ಕಿದ್ದು?"

ಮಿಕ್ಕದ್ದನ್ನು ಅವರು ಒಪ್ಪಲಿಲ್ಲ, ಇವತ್ತಿಗೂ ಒಪ್ಪುವುದಿಲ್ಲ. "ಎಳನೀರು ಕುಡ್ದು, ಇದು ಕಾಯಾದ್ಮೇಲೆ ಲೆಕ್ಕ ಅಂತೀವಾ? ಇನ್ನೂರ ಅರವತ್ತು ಮಕ್ಕಳು ಓಡವ್ರೆ. ದೊಡ್ಡೋರ ಕೂಟ ಕಂಡೋರು ಇಬ್ಬರೇ. ಮಿಕ್ಕೋರು ಗಾರ್ಮೆಂಟ್ಸ್‌ಗೆ ಓದ್ರು, ಗಂಡನ ಮನೆಗೆ ಓದ್ರು, ಪೀಣ್ಯಕ್ಕೆ ಓದ್ರು. ಅವರ ಓಟ ಎಲ್ಲಾ ಅದಿನೆಂಟರೊಳಗೇ ಮುಗೀತು. ಅದೇ ಅವರ ಪೂರ್ತಿ ಓಟ. ಅದು ಲೆಕ್ಕಕ್ಕಿಲ್ಲ ಅಂದ್ರೆ ಎಂಗೆ?"

ಒಂದು ದಾರಿ ಇತ್ತು. ಫಲಿತಾಂಶದ ಪಟ್ಟಿ ಸಾಲದು, ಅವಳ ಬಗ್ಗೆ ಪತ್ರಿಕೆಯವರು ಬರೆದದ್ದಿದ್ದರೆ ತೋರಿಸಿ, ಯಾವ ಪತ್ರಿಕೆ, ಯಾವ ತಾರೀಕು ಎಂದು ಕೇಳಿದ್ದರು. ನಂದೀಶನಿಗೆ ಜೀವ ಬಂತು. "ಇದೆಯಲ್ಲ ತಾತ ನಿಮ್ಮ ಹಲಗೆ ಮೇಲೆ!"

ಇಬ್ಬರೂ ಹಲಗೆಯ ಮುಂದೆ ನಿಂತರು. ಅರ್ಧ ಕಾಲಂ ಇತ್ತು, ಫೋಟೋ ಇತ್ತು. ಪತ್ರಿಕೆಯ ಹೆಸರಿಲ್ಲ, ತಾರೀಕಿಲ್ಲ. ನಲವತ್ತಮೂರರಲ್ಲಿ ಒಂದಕ್ಕೂ ಇಲ್ಲ. ಹೆಸರು ಬಂದಿದೆ, ಅದು ಸಾಕು ಎಂದು ಹದಿನಾಲ್ಕು ವರ್ಷ ಕತ್ತರಿ ಆಡಿಸಿದ್ದರು. ಕೂಟ ನಡೆದ ದಿನ ಅವರ ನಾಲಿಗೆಯ ತುದಿಯಲ್ಲಿದೆ, ಪತ್ರಿಕೆ ಬಂದ ದಿನ ಇಲ್ಲ. ಹೋಟೆಲಿನ ಮೇಜಿನಿಂದ ಕೇಳಿ ತಂದ ಹಳೆಯ ಪೇಪರು ಅದು, ಯಾವ ಪೇಪರು ಎಂದು ನೋಡಿದ್ದವರು ಯಾರು? "ನಿನ್ ಕೈಗೆ ಕತ್ರಿ ಕೊಟ್ಟೋಳು ನಾನೇ, ನನ್ನನ್ ಒಡೀಬೇಕು," ಎಂದರು ಅಂಜಿನಮ್ಮ.

ಸೋಮವಾರ ಚಿಕ್ಕಬೈರಪ್ಪ ಬಸ್ಸು ಹತ್ತಿ ಲೈಬ್ರರಿಗೆ ಹೋದರು. ಜೀವಮಾನದಲ್ಲಿ ಮೊದಲ ಸಲ. ಹೋದ ವರ್ಷದ ಪೇಪರು ಬೇಕು ಎಂದರೆ ಅಲ್ಲಿನ ಮೇಡಂ, "ಆರು ತಿಂಗಳಾದ್ರೆ ರದ್ದಿಗೆ ಹಾಕ್ತೀವಿ ಯಜಮಾನ್ರೇ, ಇಡೋಕೆ ಜಾಗ ಎಲ್ಲಿದೆ?" ಎಂದರು. ಅಚ್ಚಾದದ್ದು ಅಳಿಯುವುದಿಲ್ಲ ಎಂದು ನಂಬಿದ್ದ ಮನುಷ್ಯ ಹಿಂದಿರುಗುವಾಗ ಎರಡು ಸ್ಟಾಪು ಮುಂದೆ ಹೋಗಿ ಇಳಿದರು.

ಕೊನೆಗೆ, ತುಣುಕಿನ ಬೆನ್ನಿಗೆ ಏನಾದರೂ ಗುರುತಿದ್ದೀತು ಎಂದು ಯೋಚಿಸಿದರು. ಹಲಗೆಯನ್ನು ಕಿತ್ತು ಮನೆಗೆ ತಂದು, ಇಡ್ಲಿ ಪಾತ್ರೆಯ ಹಬೆಗೆ ಹಿಡಿದರು. ಮೈದಾ ಅಂಟು ಸಡಿಲವಾಯಿತು, ಮೂಲೆ ಎದ್ದಿತು. ಮಹಾದೇವಿಯೂ ಅಲ್ಲೇ ನಿಂತಿದ್ದಳು. ನಂದೀಶ್ ಉಸಿರು ಬಿಗಿಹಿಡಿದು ಎಳೆದ. ಕಾಗದ ಅವಳ ಮುಖದ ನಡುವೆ ಸರ್ರನೆ ಹರಿಯಿತು. ಹಿಂದುಗಡೆ ಯಾರದೋ ಪುಣ್ಯಸ್ಮರಣೆಯ ಅರ್ಧ ಫೋಟೋ, 'ದುಃಖತಪ್ತ ಕುಟುಂಬ' ಎಂಬೆರಡು ಮಾತು. ತಾರೀಕಿಲ್ಲ.

ಹುಡುಗಿಯೇ ಹೇಳಿದಳು, "ಹೋಗ್ಲಿ ಬಿಡ್ರಿ ಅಜ್ಜಾ. ಹೆಂಗಿದ್ರೂ ಆ ಫೋಟೋದಾಗ ನಾ ಕೋತಿಗತೆ ಇದ್ದೆ." ಅಷ್ಟು ಹೇಳಿ ಹಿತ್ತಲಿಗೆ ಹೋದವಳು ಬಹಳ ಹೊತ್ತು ಒಳಗೆ ಬರಲಿಲ್ಲ.

ಶುಕ್ರವಾರ ಪುಟ ಹೋಯಿತು. ಶನಿವಾರ ಕುಷ್ಟಗಿಯ ಸೈಬರ್ ಅಂಗಡಿಯಲ್ಲಿ ಅಣ್ಣನ ಮಗ ಹುಡುಕಿ, ಏನೂ ಸಿಗದೆ, ಮನೆಗೆ ಬಂದು ನಕ್ಕ. ಅಣ್ಣ ಫೋನಿನಲ್ಲಿ, "ಸುಳ್ಳ ಹೇಳಾಕ ಯಾವಾಗ ಕಲ್ತ್ಯೋ ಭೀಮ?" ಎಂದರಂತೆ.

ಭಾನುವಾರ ಬೆಳಿಗ್ಗೆ ಭೀಮಪ್ಪ ಮೈದಾನಕ್ಕೆ ಬಂದರು. ಆರಕ್ಕೇ ಕೆಲಸಕ್ಕೆ ಹೋಗುವ ಮನುಷ್ಯ, ಮಗಳು ಓಡುವುದನ್ನು ಒಂದು ದಿನವೂ ಕಂಡಿರಲಿಲ್ಲ. ಮಗಳನ್ನು ಕರೆದೊಯ್ಯಲೆಂದೇ ಬಂದರು ಎಂದುಕೊಂಡ ಚಿಕ್ಕಬೈರಪ್ಪ ಎದ್ದು ಎದುರು ಹೋದರು. ತಪ್ಪು ನಂದೇ ಕಣಪ್ಪ ಎಂದರು. ಭೀಮಪ್ಪ ತಿರುವಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಗೋಡೆಯ ಮಟ್ಟ ನೋಡುವಂತೆ ಒಂದು ಕಣ್ಣು ಮುಚ್ಚಿ ಗೆರೆ ನೋಡಿದರು.

"ಯಾರು ಹಾಕಿದ್ದ್ರಿ ಇದನ್ನ?"

"ನಾನೇ."

"ಕೈಲೇ? ಎಲ್ಲೂ ಡೊಂಕಿಲ್ಲಲ್ರೀ ಯಜಮಾನ್ರ!" ಅಷ್ಟರಲ್ಲಿ ಮಹಾದೇವಿ ಓಡುತ್ತಾ ಬಂದು ಅವರ ಮುಂದೆಯೇ ತಿರುವು ದಾಟಿದಳು, ಗೆರೆಯಿಂದ ಸರಿಯಾಗಿ ಒಂದು ಗೇಣು ಆಚೆ. ಹದಿನೈದು ಸುತ್ತೂ ಭೀಮಪ್ಪ ಅಲ್ಲಿಂದ ಏಳಲಿಲ್ಲ. ಆಮೇಲೆ ಅವರಾಡಿದ ಮಾತನ್ನು ಚಿಕ್ಕಬೈರಪ್ಪ ಇವತ್ತು ಹೇಳುವಾಗಲೂ ಬೆರಗಾಗಿಯೇ ಹೇಳುತ್ತಾರೆ.

"ವೈಟ್‌ಫೀಲ್ಡಿನ್ಯಾಗ, ಎಲೆಕ್ಟ್ರಾನಿಕ್ ಸಿಟಿಯಾಗ ಕೂಡಿ ಇಪ್ಪತ್ತೆರಡು ಬಿಲ್ಡಿಂಗ್ ಕಟ್ಟೀನ್ರಿ. ಒಂದರ ಮ್ಯಾಲರ ನನ್ನ ಹೆಸರು ಬರದಾರೇನು? ಬರದಿಲ್ಲಂತ ಬಿದ್ದಾವೇನು ಅವು?"

ಅಣ್ಣನಿಗೆ ಫೋನು ಮಾಡಿ ಹೇಳಿಬಿಡು ಎಂದರು ಚಿಕ್ಕಬೈರಪ್ಪ. ಭೀಮಪ್ಪ ತಲೆಯಾಡಿಸಿದರು. "ಇದು ಫೋನಿನ್ಯಾಗ ಹೇಳೋ ಮಾತಲ್ರಿ. ಎದುರು ಕುಂತು, ನಾ ಕಣ್ಣಾರೆ ನೋಡೀನಿ ಅಂತ ಹೇಳ್ಬೇಕು."

ಹಬೆಗೆ ಉಬ್ಬಿಹೋದ ಹಲಗೆಯ ಬದಲಿಗೆ ಹೊಸ ಪ್ಲೈವುಡ್ ಇನ್ನೂ ಬಂದಿಲ್ಲ. ನಿಮಗೇನು ಬೇಕು ಎಂದು ಕೇಳಿದರೆ ಚಿಕ್ಕಬೈರಪ್ಪ ಹೇಳುವುದು ಇಷ್ಟು: "ಯಾರಾದ್ರೂ ಬಂದು ಈ ಇನ್ನೂರ ಅರವತ್ತು ಎಸರು ಬರ್ಕಂಡು ಓಗ್ಲಿ. ನಾ ಬಾಯಲ್ಲಿ ಏಳ್ತೀನಿ. ನಾ ಇರೋವಾಗ್ಲೇ ಬರ್ಲಿ, ಅಷ್ಟೇ."

ಭೀಮಪ್ಪ ಕುಷ್ಟಗಿಯ ಬಸ್ಸು ಹತ್ತಿದ್ದು ಆ ಭಾನುವಾರ ಕಳೆದ ಮಂಗಳವಾರ, ಮಗಳನ್ನು ಮಾಕಳಿಯಲ್ಲೇ ಬಿಟ್ಟು, ಒಬ್ಬರೇ.