ಮೂರನೆಯ ಗುಡ್ಡೆ

ಶ್ರೀರಾಂಪುರದ ನಮ್ಮ ಅಡ್ಡರಸ್ತೆಯ ಆರು ಮನೆಯವರು ಸೇರಿ ತಿಂಗಳಿಗೊಂದು ಭಾನುವಾರ ಕುರಿ ಕೊಯ್ಯಿಸುತ್ತೇವೆ. ಮೊದಲು ಇದು ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ ಮಾತ್ರ ಇತ್ತು. ಅಂಗಡಿಯಲ್ಲಿ ಮಟನ್ ಕಿಲೋಗೆ ಎಂಟುನೂರು ದಾಟಿದ ಮೇಲೆ ತಿಂಗಳಿಗೊಮ್ಮೆ ಆಯಿತು. ಖಾಲಿ ಸೈಟಿನಲ್ಲಿ ಟಾರ್ಪಾಲು ಹಾಸಿ ಮಾಂಸವನ್ನು ಆರು ಗುಡ್ಡೆ ಮಾಡುತ್ತಾರೆ. ತಕ್ಕಡಿ ಇಲ್ಲ. ಒಬ್ಬರು ಗುಡ್ಡೆಗಳಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಗುಡ್ಡೆ ಹಾಕಿದವರು ಒಂದನ್ನು ಮುಟ್ಟಿ "ಇದ್ಯಾರ್ಗೆ?" ಎಂದರೆ, ಬೆನ್ನು ಮಾಡಿದವರು ಒಂದು ಮನೆಯನ್ನು ಕೂಗುತ್ತಾರೆ. ಕಾಣದವರು ಹಂಚಿದರೆ ಮೋಸ ಇರುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಮಳೆಗಾಲದ ಹೊತ್ತಿಗೆ ಅಪ್ಪನ ಕಾಲಿನ ಹೆಬ್ಬೆರಳಲ್ಲಿ ಹುಣ್ಣಾಯಿತು. ಶುಗರ್ ಇಳಿಯದಿದ್ದರೆ ಬೆರಳು ಉಳಿಯುವುದು ಕಷ್ಟ, ಅನ್ನ ಮುದ್ದೆ ಕಮ್ಮಿ ಮಾಡಿ ಎಂದರು ಡಾಕ್ಟರು. ಅಪ್ಪ ಕಮ್ಮಿ ಮಾಡಲಿಲ್ಲ, ಬಿಟ್ಟೇಬಿಟ್ಟರು. ಮೊಟ್ಟೆ, ಸೊಪ್ಪು, ಕೋಳಿ, ಮಟನ್, ಅಷ್ಟೇ. ಬೆಳಗಿನ ಶುಗರ್ ಅಂಕಿಯನ್ನು ತಾರೀಖಿನ ಜೊತೆ ಡೈರಿಯಲ್ಲಿ ಬರೆಯುವುದು ನನ್ನ ಕೆಲಸ. ಅಂಕಿ ನಿಧಾನವಾಗಿ ಇಳಿಯುತ್ತಿತ್ತು. ಅವರಿಗೆ ನಡೆಯಲಾಗದ್ದರಿಂದ ಗುಡ್ಡೆ ತರಲು ನಾನೇ ಹೋಗತೊಡಗಿದೆ.

ಹೀಗೆ ಅನ್ನ ಮುದ್ದೆ ಬಿಟ್ಟು ಲೋ ಕಾರ್ಬ್ ಹಿಡಿದವರು ಅಪ್ಪ ಒಬ್ಬರೇ ಆಗಿರಲಿಲ್ಲ. ಮೂರನೇ ಮನೆಯ ಮಗ ಜಿಮ್ಮಿಗೆ ಸೇರಿದ್ದ. ಎದುರುಮನೆಯ ಗಂಡಹೆಂಡತಿ ತಂಗಿಯ ಮದುವೆಯೊಳಗೆ ತೂಕ ಇಳಿಸಬೇಕೆಂದು ಅನ್ನ ಬಿಟ್ಟಿದ್ದರು. ಹಿಂದೆ ಗುಡ್ಡೆಯಲ್ಲಿ ಮೂಳೆ ಹೆಚ್ಚು ಬಂದರೆ ಯಾರೂ ಮುಖ ಸಿಂಡರಿಸುತ್ತಿರಲಿಲ್ಲ. ಮೂಳೆಯಿಂದ ಸಾರಿಗೆ ರುಚಿ, ಸಾರಿದ್ದರೆ ಮುದ್ದೆ ಇಳಿಯುತ್ತದೆ, ಹೊಟ್ಟೆ ತುಂಬಿಸುವುದು ಮುದ್ದೆ. ತಟ್ಟೆಯಿಂದ ಮುದ್ದೆ ಹೋದ ಮೇಲೆ ಮೂಳೆ ಬರೀ ಮೂಳೆಯಾಯಿತು. ಎಲ್ಲರೂ ಮೆತ್ತನೆಯ ಬಾಡಿನ ಮೇಲೇ ಕಣ್ಣಿಡತೊಡಗಿದರು.

ನಾನೂ ಇಟ್ಟೆ. ಮೊದಲ ಸಲ ನಮಗೆ ಬಂದದ್ದು ಪಕ್ಕೆಲುಬು. ಎರಡನೇ ಸಲವೂ ಅದೇ. ಎರಡು ಸಲವೂ ತೊಡೆಯ ಬಾಡು, ಮೇಲೊಂದು ಈಲಿಯ (ಲಿವರ್) ತುಂಡು ಇದ್ದ ಗುಡ್ಡೆ ಹೋದದ್ದು ಮೂರನೇ ಮನೆಗೆ. ಗುಡ್ಡೆ ಹಾಕುವವರು ಆ ಮನೆಯ ಯಜಮಾನರೇ. ಬೆನ್ನು ಮಾಡುವವರು ಮೊದಲನೇ ಮನೆಯ ಅಜ್ಜಿ, ಯಾರ ಋಣಕ್ಕೂ ಬೀಳದ ಹೆಂಗಸು. ಅಜ್ಜಿಗೆ ಸನ್ನೆ ಮಾಡುತ್ತಾರೋ, ಕೆಮ್ಮುತ್ತಾರೋ ಎಂದು ಮೂರನೇ ಸಲ ಕಿವಿಗೊಟ್ಟು ನಿಂತೆ. ಏನೂ ಇಲ್ಲ, ಆದರೂ ಒಳ್ಳೆಯ ಗುಡ್ಡೆ ಮೂರನೇ ಮನೆಗೇ ಹೋಯಿತು. ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು: ಅಜ್ಜಿ ಮನೆಗಳನ್ನು ಹಾಲಿನ ಬೂತಿನ ಕಡೆಯಿಂದ ಸಾಲಾಗಿ ಕೂಗುತ್ತಾರೆ. ಪ್ರತಿ ಸಲವೂ. ಒಳ್ಳೆಯ ಗುಡ್ಡೆಯನ್ನು ಮೂರನೆಯದಾಗಿ ಮುಟ್ಟಿದರೆ ಮುಗಿಯಿತು, ಅದು ಮೂರನೇ ಮನೆಗೇ.

ಮುಂದಿನ ತಿಂಗಳ ಭಾನುವಾರ ಬೇಗ ಹೋದೆ.

"ಅಜ್ಜಿ, ಮಂಡಿ ನೋವು ಅಂತೀರಲ್ಲ, ಕೂತ್ಕೊಳಿ. ಇವತ್ತು ನಾನ್ ನಿಲ್ತೀನಿ."

ಮೂರನೇ ಮನೆಯ ಯಜಮಾನರು ತಲೆ ಎತ್ತಿದರು. "ನಿಂಗ್ಯಾಕವ್ವ ಇದೆಲ್ಲ? ಆಫೀಸಲ್ಲಿ ಲೆಕ್ಕ ಬರ್ದಂಗಲ್ಲ ಇದು."

"ಕೂಗಕ್ಕೆ ಬಾಯಿದ್ರೆ ಸಾಕಲ್ವಾ ಮಾವ?"

"ಬುಡಣ್ಣ, ಕೂಗ್ಲಿ," ಎಂದರು ಎದುರುಮನೆಯವರು. "ಎಂಗೂ ಕಾಣಕಿಲ್ವಲ್ಲ."

ಕರೆಂಟ್ ಕಂಬದ ಕಡೆ ಮುಖ ಮಾಡಿ ನಿಂತೆ.

"ಇದ್ಯಾರ್ಗೆ?"

"ಕೊನೇಮನೆ."

ಹಿಂದಿನಿಂದ ಯಜಮಾನರ ದನಿ ಬಂತು: "ಸಾಲಾಗಿ ಕೂಗವ್ವ, ಗೊಂದಲ ಆಯ್ತದೆ."

"ಸಾಲಾಗೇ ಕೂಗೋದಾದ್ರೆ ಬೆನ್ನು ಮಾಡಿ ಯಾಕ್ ನಿಲ್ಬೇಕು ಮಾವ?"

ಅಜ್ಜಿ "ಅಯ್ಯೋ, ನಾನು ಸಾಲಾಗೇ ಕೂಗ್ತಿದ್ನಲ್ಲ ಕಣೇ!" ಎಂದರು. ಆ ಅಚ್ಚರಿ ನಿಜವೋ ನಟನೆಯೋ, ಅವರ ಮುಖ ನನಗೆ ಕಾಣುತ್ತಿರಲಿಲ್ಲ.

ಎದುರುಮನೆ, ಮೊದಲನೇ ಮನೆ, ಎರಡನೇ ಮನೆ, ಮೂರನೇ ಮನೆ ಎಂದು ಕೂಗುತ್ತಾ ಹೋದೆ. ಯಾರೂ ಬೆರಳು ತೋರಿಸಬಾರದೆಂದು ನಮ್ಮದನ್ನು ಕೊನೆಗೆ ಉಳಿಸಿದ್ದೆ. ತಿರುಗಿ ನೋಡಿದರೆ ತೊಡೆಯ ಬಾಡು ಎದುರುಮನೆಗೆ ಹೋಗಿತ್ತು; ಟಾರ್ಪಾಲಿನ ಮೇಲೆ ಕತ್ತಿನ ಮೂಳೆ, ಪಕ್ಕೆಲುಬುಗಳ ಗುಡ್ಡೆಯೊಂದೇ ಉಳಿದಿತ್ತು. ನಾನು ಮರ್ಯಾದೆಗಾದರೂ ನಮ್ಮದನ್ನು ಕೊನೆಗೆ ಇಡುತ್ತೇನೆಂದು ಊಹಿಸಲು ಯಜಮಾನರಿಗೆ ಎಷ್ಟು ಹೊತ್ತು ಬೇಕು? ಮೂಳೆಯ ಗುಡ್ಡೆಯನ್ನು ಕೊನೆಯವರೆಗೂ ಮುಟ್ಟದೆ ಬಿಟ್ಟಿದ್ದರು.

"ತಗಳವ್ವ. ನೀನೇ ಕೂಗಿದ್ದು," ಎಂದರು.

ಅಮ್ಮ ಚೀಲ ಬಿಚ್ಚಿ ನೋಡಿ, "ಊರಿಗೆಲ್ಲ ನ್ಯಾಯ ಹೇಳಕ್ಕೋಗಿ ಅಪ್ಪನ್ಗೆ ಮೂಳೆ ತಂದ್ಯಾ?" ಎಂದರು. ಮಧ್ಯಾಹ್ನ ಮೇನ್‌ರೋಡಿನ ಅಂಗಡಿಯಿಂದ ಅರ್ಧ ಕಿಲೋ ತಂದೆ. ಅಲ್ಲಿ ತಕ್ಕಡಿ ಇದೆ. ಆದರೂ ಕತ್ತರಿಸುವವನ ಕೈಯಿಂದ ಕಣ್ಣು ಕೀಳಲಿಲ್ಲ.

ಮುಂದಿನ ತಿಂಗಳು ನಾನು ಸೈಟಿಗೆ ಹೋಗುವ ಹೊತ್ತಿಗೆ ಯಜಮಾನರು ಕುಕ್ಕರಗಾಲಲ್ಲಿ ಕೂತು ಒಂದು ಗುಡ್ಡೆಯ ತುಂಡನ್ನು ಇನ್ನೊಂದಕ್ಕೆ ಹಾಕುತ್ತಿದ್ದರು. ಈಲಿಯನ್ನು ಆರು ಪಾಲು ಮಾಡಿದ್ದರು. ಅದನ್ನು ಅವರು ಹಿಂದೆಂದೂ ಹೆಚ್ಚಿದ್ದನ್ನು ನಾನು ನೋಡಿರಲಿಲ್ಲ.

"ನೋಡು ತಾಯಿ, ಈಗ ಸಮ ಐತಾ?"

"ನಂಗ್ಯಾಕೆ ತೋರಿಸ್ತೀರಿ ಮಾವ? ನಾನು ಬೆನ್ನು ಮಾಡೋಳು."

ಎದುರುಮನೆಯವರು ನಗು ತಡೆಯಲು ಬಾಯಿಗೆ ಟವೆಲ್ ಒತ್ತಿಕೊಂಡರು. ಆ ದಿನ ನಮ್ಮ ಮನೆಯನ್ನು ಎರಡನೆಯದಾಗಿ ಕೂಗಿದೆ. ಮೆತ್ತನೆಯ ಬಾಡು ಒಂದು ಮುಷ್ಟಿ, ಪಕ್ಕೆಲುಬು ಒಂದಿಷ್ಟು, ಈಲಿ ಒಂದು ಚೂರು. ಅಂಗಡಿಗೆ ಹೋಗಬೇಕಾಗಲಿಲ್ಲ.

ಊಟವಾದ ಮೇಲೆ ಹುಣ್ಣಿಗೆ ಕಟ್ಟಿದ ಬಟ್ಟೆ ಬದಲಿಸಲು ಅಪ್ಪನ ಕಾಲನ್ನು ಸ್ಟೂಲಿನ ಮೇಲೆ ಇಡಿಸಿದೆ. ಹುಣ್ಣಿನ ಜಾಗದಲ್ಲಿ ತೆಳ್ಳನೆಯ ಹೊಸ ಚರ್ಮ ಬಂದಿತ್ತು. ಹಳೆಯ ಬಟ್ಟೆಯನ್ನು ಬೆಳಕಿಗೆ ಹಿಡಿದು ಎರಡೂ ಕಡೆ ನೋಡಿದೆ, ಒದ್ದೆಯಿರಲಿಲ್ಲ. ಅಪ್ಪ ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿ, "ಸಾಕೇನವ್ವ?" ಎಂದರು.

"ಇನ್ನೊಂದ್ಸಲ ಆಡ್ಸಪ್ಪ," ಎಂದೆ.